ಮುಟ್ಟಬಾರದ ಮದುವೆ ಕಾರ್ಡು

ನಮ್ಮನೆಯವರು ಊಟಕ್ಕೆ ಕೂತಾಗಲೂ "ಹಿತ್ತಲ ಬಾಗಲಾ ಹಾಕೀಯೇನು?" ಎಂದು ಕೇಳುವ ಮನುಷ್ಯ. ಬೈಲಹೊಂಗಲದಲ್ಲಿ ಅವರದೊಂದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇದೆ. ಸಂಜೆ ಶಟರ್ ಎಳೆದು, ಎರಡೂ ಕಡೆ ಕೀಲಿ ಜಡಿದು, ತುಸು ದೂರ ಹೋಗಿ, ಮತ್ತೆ ತಿರುಗಿ ಬಂದು ಕೀಲಿ ಜಗ್ಗಿ ನೋಡಿಯೇ ಮನೆಯ ದಾರಿ ಹಿಡಿಯುತ್ತಾರೆ. ಇಂಥ ಶಂಕರೆಪ್ಪನವರು ಕೈಯೊಳಗಿನ ಫೋನಿನ ಬಾಗಿಲನ್ನು ಮಾತ್ರ ಊರಿಗೆಲ್ಲ ಹಾರು ಹೊಡೆದು ತೆರೆದಿಟ್ಟಿದ್ದರು. ನನ್ನ ಸಂಕಟ ಶುರುವಾದದ್ದೇ ಅಲ್ಲಿಂದ.

ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ "ಹೂಂ ಸಾಹೇಬ್ರ, ಒತ್ತೇನ್ರಿ ಸಾಹೇಬ್ರ, ಮುಂದ ಹೇಳ್ರಿ ಸಾಹೇಬ್ರ" ಎಂಬ ವಿನಯದ ದನಿ ಕೇಳಿಸಿತು. (ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆ ವಿನಯ ನನ್ನ ಪಾಲಿಗೆ ಬಂದದ್ದಿಲ್ಲ.) ಹೊರಗೆ ಬಂದು ನೋಡಿದರೆ, ಫೋನನ್ನು ಚಾರ್ಜರಿನ ವೈರಿಗೆ ಕಟ್ಟಿಕೊಂಡೇ ಗೋಡೆಗೆ ಆತು ನಿಂತಿದ್ದಾರೆ.

"ಯಾರ್ರಿ ಅದು?"

"ಸುಮ್ಮನಿರು. ಕರೆಂಟಿನ ಸಾಹೇಬ್ರು. ಬಿಲ್ ತುಂಬಿಲ್ಲಂತ. ಇವತ್ತ ಸಂಜೀಕ ಲೈನ್ ಕಟ್ ಮಾಡ್ತಾರಂತ. ಏನೋ ಒಂದ ಆ್ಯಪ್ ಇಳಸ್ಕೋರಿ, ಇಲ್ಲಿಂದನಽ ಸರಿ ಮಾಡ್ತೇನಿ ಅನ್ನಾಕತ್ತಾರ."

"ಬಿಲ್ ನಾ ತುಂಬಿ ಬಂದೇನಲ್ರಿ!"

ಅವರು ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ಆ್ಯಪ್ ಇಳಿಯುತ್ತಿತ್ತು. ಅದು ಪೂರ್ತಿ ಇಳಿದಿದ್ದರೆ ಇವರ ಫೋನಿನ ಪರದೆಯೆಲ್ಲ ಆ ಕಡೆಯವನ ಕಣ್ಣಮುಂದೆ ಕಾಣುತ್ತಿತ್ತಂತೆ, ಇವರು ಒತ್ತಿದ ಗುಪ್ತ ಸಂಖ್ಯೆಯೂ ಸೇರಿ. ಅಷ್ಟರಲ್ಲಿ ನಿಜವಾಗಿಯೇ ಕರೆಂಟು ಹೋಯಿತು. ಬ್ಯಾಟರಿ ಸತ್ತ ಫೋನು ಚಾರ್ಜರಿನ ಜೀವದ ಮೇಲೆ ನಡೆದಿದ್ದರಿಂದ ಅದೂ ಕಣ್ಣು ಮುಚ್ಚಿತು.

"ನೋಡು, ನೀ ನಡಕ ಮಾತಾಡಿದ್ದಕ್ಕ ಕಟ್ ಮಾಡೇ ಬಿಟ್ರು!" ಎಂದು ನನ್ನ ಮೇಲೆ ಏರಿ ಬಂದರು.

ಓಣಿಗೆಲ್ಲ ಕರೆಂಟು ಇಲ್ಲ ಎಂದು ಗೊತ್ತಾದ ಮೇಲೆ ತಣ್ಣಗಾದರು. ಕರೆಂಟು ಕಡಿಯುತ್ತೇವೆ ಎಂದ ಕಳ್ಳನಿಂದ ನಮ್ಮನ್ನು ಕರೆಂಟು ಕಡಿದವರೇ ಕಾಪಾಡಿದ್ದರು.

ಇದಾದ ವಾರದಲ್ಲೇ ನಮ್ಮ ಮಹಿಳಾ ಸಂಘದಲ್ಲಿ ಸೈಬರ್ ಸುರಕ್ಷತೆಯ ಶಿಬಿರ ನಡೆಯಿತು. ನಾನು ಮೊದಲ ಸಾಲಿನಲ್ಲಿ ಕೂತೆ. ಪಾಸ್‌ವರ್ಡ್ ಹೇಗಿರಬೇಕು, ಲಿಂಕ್ ಯಾಕೆ ಒತ್ತಬಾರದು, ದನಿಯನ್ನೂ ಈಗ ಹೇಗೆ ನಕಲು ಮಾಡುತ್ತಾರೆ, ಎಲ್ಲವನ್ನೂ ಕೇಳಿದೆ. ಕೊನೆಗೆ ಒಂದು ಪ್ರಮಾಣಪತ್ರ ಕೊಟ್ಟರು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ ದಿನದಿಂದ, ಗೃಹಖಾತೆಯ ಜೊತೆಗೆ ರಕ್ಷಣಾ ಖಾತೆಯನ್ನೂ ನಾನೇ ವಹಿಸಿಕೊಂಡೆ.

ಮೊದಲ ಪಾಠ ಪಾಸ್‌ವರ್ಡಿನದು. ಇವರದು ಎಲ್ಲ ಕಡೆಗೂ ಒಂದೇ: ತಮ್ಮ ಹೆಸರು, ಮುಂದೆ ಒಂದು ಎರಡು ಮೂರು.

"ಅಲ್ರಿ, ಮನಿಗೆ, ಅಂಗಡಿಗೆ, ತಿಜೋರಿಗೆ, ಗಾಡಿಗೆ ಎಲ್ಲಾದಕ್ಕೂ ಒಂದಽ ಕೀಲಿಕೈ ಇಡ್ತೀರೇನು?"

ಅವರು ಸ್ವಲ್ಪ ಯೋಚಿಸಿದರು. "ಹಂಗಿದ್ರ ಭಾಳ ಚಲೋ ಆಗತಿತ್ತು ನೋಡು. ದಿನಾ ಹುಡುಕೂದು ತಪ್ಪತಿತ್ತು."

"ಒಂದು ಕಳ್ಳನ ಕೈಗೆ ಸಿಕ್ರ ಎಲ್ಲಾ ಹೋಗತೈತಲ್ಲ! ಒಂದೊಂದಕ್ಕ ಒಂದೊಂದು ಇಡಬೇಕು. ಉದ್ದ ಇರಬೇಕು. ಮ್ಯಾಲ ಎರಡನೇ ಬಂದೋಬಸ್ತ್ ಹಾಕಬೇಕು. ಹೊರಗಿನ ಕೀಲಿ ಮುರದ್ರೂ ಒಳಗ ಅಗಳಿ ಇರತೈತಲ್ಲ, ಹಂಗ."

ಎರಡನೇ ಪಾಠ ಓಟಿಪಿಯದು. ಇದಕ್ಕೆ ನಮ್ಮತ್ತೆ ರಾಚವ್ವನವರೂ ಕೂತಿದ್ದರು. ಖಾತೆ ತೆಗೆಯುವಾಗ 'ಇದು ನೀವೇ ಹೌದಾ' ಎಂದು ಖಾತ್ರಿ ಮಾಡಿಕೊಳ್ಳಲು ಒಂದೇ ಒಂದು ಸಲಕ್ಕೆ ಬರುವ ಸಂಖ್ಯೆ ಅದು, ಕೇಳಿದವರಿಗೆಲ್ಲ ಹೇಳಬಾರದು ಎಂದು ವಿವರಿಸಿದೆ.

"ಯಾರಿಗೂ ಹೇಳಬಾರದೇನವಾ?"

"ಯಾರಿಗೂ ಹೇಳಬಾರದ್ರಿ ಅತ್ತಿ."

"ನಿನಗೂ?"

"ನನಗೂ ಹೇಳಬಾರದ್ರಿ."

ಅತ್ತೆಯ ಮುಖ ಬೆಳಗಿತು. ಸೊಸೆಯಿಂದ ಮುಚ್ಚಿಡಲು ಸರ್ಕಾರದ ಒಪ್ಪಿಗೆ ಇರುವ ವಸ್ತುವೊಂದು ಆ ವಯಸ್ಸಿನಲ್ಲಿ ಸಿಕ್ಕಿತ್ತು. ಗ್ಯಾಸ್ ಸಿಲಿಂಡರು ಬುಕ್ ಮಾಡಿದ್ದು ಅವರ ನಂಬರಿನಿಂದ. ನಾನು ಪೇಟೆಗೆ ಹೋದಾಗ ಸಿಲಿಂಡರಿನವನು ಬಂದು, ಕೋಡ್ ಹೇಳ್ರಿ ಅಜ್ಜಿ ಎಂದು ಎಷ್ಟು ಬೇಡಿಕೊಂಡರೂ ಅವರು ಬಾಯಿ ಬಿಡಲಿಲ್ಲ. ಸಿಲಿಂಡರು ವಾಪಸು ಹೋಯಿತು. ಮನೆ ಬಾಗಿಲಿಗೆ ಸಾಮಾನು ತಂದು ನಿಂತವನಿಗೆ ಹೇಳುವ ಕೋಡ್ ಬೇರೆ ಎಂದು ನಾನು ಪಾಠದಲ್ಲಿ ಹೇಳಿರಲಿಲ್ಲ. ಹೊಸ ಸಿಲಿಂಡರು ಬರುವ ತನಕ ಹಿತ್ತಲ ಒಲೆಯ ಹೊಗೆಯಲ್ಲಿ ಕಣ್ಣೀರು ಸುರಿಸಿದ್ದು ರಕ್ಷಣಾ ಮಂತ್ರಿಯೇ.

ಮೂರನೆಯದು ಗುಪ್ತ ಮಾತು. ನಮ್ಮವರ ದನಿಯಲ್ಲೇ ಯಾರೋ ಫೋನ್ ಮಾಡಿ, ಆಪತ್ತಿನಲ್ಲಿದ್ದೇನೆ ಎಂದು ಅತ್ತರೆ ಏನು ಮಾಡುವುದು? ಮನೆಯವರಿಗಷ್ಟೇ ಗೊತ್ತಿರುವ ಒಂದು ಶಬ್ದ ಇಟ್ಟುಕೊಳ್ಳಬೇಕು. ಹೇಳಿದರೆ ನಮ್ಮವರು, ಹೇಳದಿದ್ದರೆ ಕಳ್ಳರು. ಆ ಹೊತ್ತಿಗೆ ಒಲೆಯ ಮೇಲೆ ಮಡಿಕಿಕಾಳಿನ ಪಲ್ಯ ಕುದಿಯುತ್ತಿತ್ತು. 'ಮಡಿಕಿಕಾಳು' ಎಂದೇ ಗೊತ್ತು ಮಾಡಿದೆವು. ಆ ಪಲ್ಯ ಇವರಿಗೆ ಸೇರುವುದಿಲ್ಲ. ಸೇರದ್ದು ನೆನಪಿನಲ್ಲಿ ಉಳಿಯುವುದೂ ಇಲ್ಲ ಎಂದು ನನಗೆ ಹೊಳೆಯಲಿಲ್ಲ.

ಇದೇ ಸಮಯಕ್ಕೆ ನಮ್ಮ ಮಗಳು ಶಿವಾನಿಗೆ ರಾಮದುರ್ಗದ ಕಡೆಯಿಂದ ಒಂದು ಸಂಬಂಧ ಕೂಡಿಬಂದಿತ್ತು. ಅವಳು ಇಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹುಡುಗ ಸಚಿನ ದನದ ಡಾಕ್ಟರ್. ಅವನ ತಂದೆ ನೀಲಪ್ಪನವರದು ಬೀಜ-ಗೊಬ್ಬರದ ಅಂಗಡಿ. ಅವರು ಬಂದು ನೋಡಿಕೊಂಡು ಹೋಗಿದ್ದರು, ಮಕ್ಕಳಿಬ್ಬರೂ ಒಪ್ಪಿದ್ದರು. ಎಷ್ಟೋ ಸಂಬಂಧಗಳಿಗೆ ಬೇಡವೆಂದು ತಲೆ ಅಲ್ಲಾಡಿಸಿದ್ದ ಶಿವಾನಿ, ಈ ಸಲ ಏನೂ ಹೇಳದೆ ಹಿತ್ತಲಿಗೆ ಹೋಗಿ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತ ನಿಂತಿದ್ದಳು. ತಾಯಿಗೆ ಅಷ್ಟು ಸಾಕು. ಇನ್ನು ನಮ್ಮ ಕಡೆಯಿಂದ ಹಿರಿಯರೊಬ್ಬರು ಹೋಗಿ ಅವರ ಮನೆತನ ನೋಡಿ ಬರುವುದು ಬಾಕಿ ಇತ್ತು. ಇವರು ಹೊಸ ಟೊಪಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಉಮಾ, ನಾನು. ರಾಮದುರ್ಗ ಬಸ್ ಸ್ಟ್ಯಾಂಡಿನ್ಯಾಗ ಅದೇನಿ. ನನ್ನ ಫೋನ್ ಬಂದ್ ಬಿದ್ದೈತಿ, ಚಾದಂಗಡಿಯವ್ರ ಫೋನಿನಿಂದ ಮಾತಾಡಾಕತ್ತೇನಿ. ನೀಲಪ್ಪಾರ ನಂಬರ್ ಹೇಳು ಲಗೂನ."

ಗೊತ್ತಿಲ್ಲದ ನಂಬರು, ಅವಸರ, ಇನ್ನೊಬ್ಬರ ಮಾಹಿತಿ ಕೇಳುವುದು. ಶಿಬಿರದಲ್ಲಿ ಹೇಳಿದ ಲಕ್ಷಣಗಳೆಲ್ಲ ಒಂದೇ ಉಸಿರಿನಲ್ಲಿ ಬಂದಿದ್ದವು.

"ಗುಪ್ತ ಮಾತು ಹೇಳ್ರಿ," ಎಂದೆ.

"ಏನು?"

"ನೀವು ನಮ್ಮನಿಯವರಽ ಆಗಿದ್ರ ಗುಪ್ತ ಮಾತು ಹೇಳ್ರಿ."

"ಅದಽ... ಪಲ್ಯಾ ಅಲ್ಲೇನು? ಬದನಿಕಾಯಿ?"

"ಅಲ್ಲ."

"ಹೀರಿಕಾಯಿ? ಚವಳಿಕಾಯಿ? ಏ ಉಮಾ, ಡೊಣಮೆಣಸಿನಕಾಯಿ?"

ಕಳ್ಳರು ಪಾಸ್‌ವರ್ಡನ್ನು ಒಂದಾದ ಮೇಲೊಂದು ಹಾಕಿ ಹಾಕಿ ನೋಡುತ್ತಾರೆ ಎಂದು ಕೇಳಿದ್ದೆ. ಆದರೆ ಹೀಗೆ ಕಾಯಿಪಲ್ಯದ ಸಂತೆಯನ್ನೇ ಹೊತ್ತು ತರುತ್ತಾರೆಂದು ಗೊತ್ತಿರಲಿಲ್ಲ.

"ತಪ್ಪು ಹೇಳಿದ್ದು ಸಾಕು. ಇನ್ನ ಲಾಕ್ ಆತು," ಎಂದು ಫೋನ್ ಇಟ್ಟು ಆ ನಂಬರನ್ನು ಬ್ಲಾಕ್ ಮಾಡಿದೆ. ಅತ್ತೆಗೆ ಹೇಳಿದಾಗ ಅವರೂ ಮೆಚ್ಚಿದರು. "ಎಷ್ಟ್ ಹುಷಾರಿ ಅವನು! ಥೇಟ್ ನಮ್ಮ ಶಂಕ್ರಪ್ಪನಂಗಽ ಮರಗುಳಿ ಮಾತಾಡ್ಯಾನ ನೋಡು."

ಸಂಜೆ ಇವರು ಬಂದರು. ಟೊಪಿಗೆ ಕೈಯಲ್ಲಿತ್ತು. ಊರೆಲ್ಲ ತಿರುಗಿ, ಬೀಗರು ಬರುತ್ತಾರೆಂದು ಅಂಗಡಿಯನ್ನೂ ಅವರು ಮುಚ್ಚಿದ್ದರಿಂದ ಮನೆ ಸಿಗದೆ, ಬಂದ ದಾರಿಯಲ್ಲೇ ಬಂದಿದ್ದರು. ಆ ಮನೆಯಲ್ಲಿ ಇವರಿಗೆಂದು ಹೋಳಿಗೆ ಮಾಡಿ ಬೀಗರ ದಾರಿ ನೋಡುತ್ತ ಕೂತಿದ್ದರು.

ಆ ರಾತ್ರಿ ನಮ್ಮಿಬ್ಬರ ನಡುವೆ ನಡೆದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನೀಲಪ್ಪನವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆವು. "ಇರಲಿ ಬಿಡ್ರಿ" ಎಂದರು. ಆ 'ಇರಲಿ ಬಿಡ್ರಿ'ಯಲ್ಲಿ ಮೊದಲಿನ ಬಿಸುಪು ಇರಲಿಲ್ಲ. ಶಿವಾನಿ ಮತ್ತೆ ಹಿತ್ತಲಿಗೆ ಹೋಗಿ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತ ನಿಂತಳು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಕೆಲವು ದಿನ ಕಳೆದವು. ರಾಮದುರ್ಗದಿಂದ ಒಂದು ಮಾತೂ ಇಲ್ಲ. ಒಂದು ಸಂಜೆ ದೇವರಿಗೆ ದೀಪ ಹಚ್ಚಿ ಏಳುವಷ್ಟರಲ್ಲಿ ನನ್ನ ಫೋನ್ ಟಿಂಗ್ ಎಂದಿತು. ನೀಲಪ್ಪನವರ ನಂಬರಿನಿಂದ ವಾಟ್ಸಾಪ್ ಬಂದಿತ್ತು. ಆಸೆಯಿಂದ ತೆಗೆದೆ.

'ಮದುವೆ ಆಮಂತ್ರಣ. ತಾವೆಲ್ಲರೂ ತಪ್ಪದೇ ಬರಬೇಕು.' ಕೆಳಗೆ ಒಂದು ಫೈಲು.

ಮದುವೆ ಗಟ್ಟಿಯಾಗಿ ಕಾರ್ಡೂ ಆಗಿಬಿಟ್ಟಿದೆ. ಸಚಿನನಿಗೆ ಬೇರೆ ಹುಡುಗಿ ಸಿಕ್ಕಿದ್ದಾಳೆ. ನನ್ನ ಹಾಳು ಗುಪ್ತ ಮಾತಿನಿಂದ ನನ್ನ ಮಗಳಿಗೆ ಬಂದ ಭಾಗ್ಯ ಬಾಗಿಲ ತನಕ ಬಂದು ತಿರುಗಿ ಹೋಯಿತು. ಆಚೆ ಕೋಣೆಯಲ್ಲಿ ಶಿವಾನಿ ಪರೀಕ್ಷೆಯ ಪೇಪರು ತಿದ್ದುತ್ತ ಏನೋ ಗುನುಗುತ್ತಿದ್ದಳು. ಆ ಹಾಡು ಕೇಳಿ ಕಣ್ಣು ತುಂಬಿತು. ಹುಡುಗಿ ಯಾರು, ಯಾವ ಊರಿನವಳು, ನಮ್ಮವಳಿಗಿಂತ ಏನು ಹೆಚ್ಚಿನವಳು ಎಂದು ನೋಡಲೇಬೇಕಿತ್ತು. ಕಣ್ಣೀರಿನಲ್ಲೇ ಫೈಲು ಒತ್ತಿದೆ.

ಫೋನು ಎಚ್ಚರಿಸಿತು. ಇದು ಅಪಾಯಕಾರಿ ಇರಬಹುದು ಎಂದಿತು. ಇನ್‌ಸ್ಟಾಲ್ ಮಾಡಲೇ ಎಂದು ಕೇಳಿತು. ಮೆಸೇಜುಗಳನ್ನು ಓದಲು ಒಪ್ಪಿಗೆ ಕೇಳಿತು, ಫೋನ್ ನಂಬರುಗಳನ್ನು ನೋಡಲು ಒಪ್ಪಿಗೆ ಕೇಳಿತು. ಮದುವೆ ಕಾರ್ಡಿಗೆ ನನ್ನ ಮೆಸೇಜುಗಳ ಗೊಡವೆ ಯಾಕೆ ಎಂದು ಯಾವ ಮಗುವಾದರೂ ಕೇಳುತ್ತಿತ್ತು. ಪ್ರಮಾಣಪತ್ರ ಪಡೆದ ಉಮಾಶ್ರೀ ಕೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ ಎಂದು ಒತ್ತುತ್ತ ಹೋದೆ.

ಕಾರ್ಡು ತೆರೆಯಲಿಲ್ಲ. ಹುಡುಗಿಯೂ ಕಾಣಲಿಲ್ಲ. ಫೋನು ಬಿಸಿಯಾಗತೊಡಗಿತು. ಸ್ವಲ್ಪ ಹೊತ್ತಿಗೆ ನನ್ನ ವಾಟ್ಸಾಪೇ ನನ್ನನ್ನು ಹೊರಗೆ ಹಾಕಿತು. ಒಳಗೆ ಬರಲು ನೋಡಿದರೆ ನೀವು ಬೇರೆ ಫೋನಿನಲ್ಲಿ ಇದ್ದೀರಿ ಎಂದಿತು. ನಾನು ನಮ್ಮ ದೇವರ ಮನೆಯ ಮುಂದೆ ನಿಂತಿದ್ದೆ. ಇನ್ನೊಬ್ಬ ಉಮಾಶ್ರೀ ಎಲ್ಲಿ ಕೂತಿದ್ದಳೋ ಆ ಶಿವನೇ ಬಲ್ಲ.

ಆಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಮೊದಲು ಮನೋಳಿಯಿಂದ, ನಮ್ಮನೆಯವರ ಅಕ್ಕ ಬಾಯವ್ವ.

"ಯಾಕ ಉಮಾ, ಮಗಳ ಮದುವಿ ಅಂದ್ರ ಫೋನಿನ್ಯಾಗ ಕರೀತಿ? ಅರಿಷಿಣ-ಕುಂಕುಮ ಹಿಡ್ಕೊಂಡ ಮನಿಗೆ ಬರೂ ಪದ್ಧತಿ ನಿಮ್ಮ ಬೈಲಹೊಂಗಲದಾಗ ಬಂದ್ ಆತೇನು?"

"ಅಕ್ಕಾರ, ಅದನ್ನ ಮುಟ್ಟಬ್ಯಾಡ್ರಿ!"

"ಮುಟ್ಟಬ್ಯಾಡ? ನಮ್ಮ ತಮ್ಮನ ಮಗಳ ಮದುವಿ ಕಾರ್ಡ್ ನಾ ಮುಟ್ಟಬಾರದೇನು? ಅಷ್ಟ ಬ್ಯಾಡಾಗೇನೇನು ನಾನು? ಮುಂಜಾಲಿಂದ ಒತ್ತಾಕತ್ತೇನಿ..."

"ಮುಂಜಾಲಿಂದ ಹೆಂಗ್ರಿ, ಈಗಽ ಹೋಗೈತಿ!"

"ಮಾತ ಹಾರಸಬ್ಯಾಡ. ಹುಡುಗನ ಹೆಸರು ಸೈತ ಕಾಣವಲ್ದು. ಅಂಥಾದ್ದೇನ ಮುಚ್ಚಿಟ್ಟೀರಿ?" ಎಂದು ಸಿಟ್ಟಿನಲ್ಲಿ ಇಟ್ಟುಬಿಟ್ಟರು.

ಸಂಗೊಳ್ಳಿಯ ಚಿಕ್ಕಪ್ಪನವರು, ಸಂಪಗಾಂವದ ನನ್ನ ತವರಿನವರು, ಹೈಸ್ಕೂಲಿನ ಹೆಡ್‌ಮಾಸ್ತರರು, ಹಾಲಿನವರು, ಮಹಿಳಾ ಸಂಘದ ಇಡೀ ಗುಂಪು, ಎಲ್ಲರಿಗೂ ನನ್ನ ಹೆಸರಿನಲ್ಲಿ ಮದುವೆಯ ಕರೆ ಹೋಗಿತ್ತು. ನಾನು ಫೋನ್ ಕೈಯಲ್ಲಿ ಹಿಡಿದು ನಿಂತಿದ್ದೆ. ಕಲಿತದ್ದೆಲ್ಲ ಆವಿಯಾಗಿತ್ತು.

ಇವರು ಅಂಗಡಿಯಿಂದ ಬಂದರು. ಅತ್ತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಫೋನ್ ಇಸಿದುಕೊಂಡು ಮಂಚದ ಮೇಲೆ ಕೂತರು.

"ಮೊದಲ ನೆಟ್ ಬಂದ್ ಮಾಡಬೇಕು ಅಂದಿದ್ದಿಯಲ್ಲ ನೀನು? ಆತು. ಸಿಮ್ ತಗದ ಇಡಬೇಕು ಅಂದಿದ್ದಿ. ಶಿವಾನಿ, ಒಂದು ಪಿನ್ ಕೊಡವಾ. ಬ್ಯಾರೇ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೀಬೇಕು. ಆಮ್ಯಾಲ ಅದಽ, ಒಂದು ಒಂಬತ್ತು ಮೂರು ಸೊನ್ನೆಕ್ಕ ಹಚ್ಚಿ ಸೈಬರ್ ಪೊಲೀಸರಿಗೆ ದೂರ ಕೊಡಬೇಕು. ಆಮ್ಯಾಲ ಎಲ್ಲಾರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿ ತಗೀಬ್ಯಾಡ್ರಿ ಅನ್ನಬೇಕು. ನಾಚಿಕಿ ಮಾಡ್ಕೊಂಡ ಮುಚ್ಚಿಡಬಾರದು. ಹೌದಿಲ್ಲೋ?"

ಅಕ್ಷರ ಬಿಡದೆ ನನ್ನದೇ ಪಾಠ. ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಹೂಂ ಹೂಂ ಎನ್ನುತ್ತಿದ್ದ ಮನುಷ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನಗೆ ಇನ್ನಷ್ಟು ಅಳು ಬಂತು.

ದುಡ್ಡು ಹೋಗಲಿಲ್ಲ, ಖಾತೆಯನ್ನು ಹೊತ್ತಿಗೆ ಸರಿಯಾಗಿ ತಡೆದಿದ್ದರು. ಆದರೆ ಆ ಆ್ಯಪ್ ಪೂರ್ತಿ ತೊಲಗಬೇಕಾದರೆ ಫೋನನ್ನು ಮೊದಲಿನಂತೆ ಬರಿದು ಮಾಡಬೇಕಿತ್ತು. ಫೋಟೋಗಳನ್ನು ಇನ್ನೊಂದು ಕಡೆ ಪ್ರತಿ ತೆಗೆದಿಡಿ ಎಂದು ಸಂಘದ ಹೆಣ್ಣುಮಕ್ಕಳಿಗೆಲ್ಲ ಹೇಳುತ್ತಿದ್ದ ನಾನು ಒಂದನ್ನೂ ತೆಗೆದಿಟ್ಟಿರಲಿಲ್ಲ. ನನ್ನಪ್ಪ ತೀರಿಕೊಳ್ಳುವ ಮೊದಲು ಸಂಪಗಾಂವದ ಹೊಲದಲ್ಲಿ, ಎಳ್ಳಮಾಸಿ ಹಬ್ಬದ ಬುತ್ತಿ ಉಣ್ಣುತ್ತ ನಗುತ್ತಿದ್ದ ಫೋಟೋ ಒಂದಿತ್ತು. ಅದೂ ಹೋಯಿತು. ಅದರ ಬಗ್ಗೆ ನಗಲು ನನಗೆ ಇನ್ನೂ ಬಂದಿಲ್ಲ.

ಮರುದಿನ ಗಂಡ-ಹೆಂಡತಿ ಇಬ್ಬರೂ ರಾಮದುರ್ಗಕ್ಕೆ ಹೊರಟೆವು. ಕಾರ್ಡು ಕಳ್ಳರದೇ ಇರಲಿ, ನಿಜವಾಗಿ ಮದುವೆ ಗಟ್ಟಿಯಾಗಿದ್ದರೂ ಆಗಲಿ, ತಪ್ಪು ನಮ್ಮದು, ಎದುರಿಗೆ ನಿಂತು ಒಪ್ಪಿಕೊಂಡು ಬರೋಣ ಎಂದರು ಇವರು. ನೀಲಪ್ಪನವರು ಬಾಗಿಲಲ್ಲೇ ಸಿಕ್ಕರು. ಅವರ ಮುಖವೂ ಬಾಡಿತ್ತು.

"ಬರ್ರಿ, ಕುಂತ್ಕೋರಿ," ಎಂದರು. ನಾವು ಕೂತ ಮೇಲೆ, "ಮಗಳ ಮದುವಿ ಗೊತ್ತಾತಂತ. ಚಲೋ ಆತ್ರಿ. ಆದ್ರ ನಮಗ ಒಂದ ಮಾತ ಹೇಳಿ ಬ್ಯಾರೇ ಕಡೆ ನೋಡಬೇಕಿತ್ರಿ. ನಿನ್ನೆ ನಿಮ್ಮ ಕಾರ್ಡ್ ಬಂದಾಗಿಂದ ನಮ್ಮ ಮನ್ಯಾಗ ಯಾರೂ ಸರಿಯಾಗಿ ಉಂಡಿಲ್ಲ."

"ನಮ್ಮ ಕಾರ್ಡ್? ನಿಮ್ಮ ಕಾರ್ಡ್ ನೋಡಿ ನಾವು ಉಂಡಿಲ್ರಿ!" ಎಂದರು ಇವರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಫೈಲು ಮೊದಲು ನೀಲಪ್ಪನವರಿಗೆ ಗಿರಾಕಿಯೊಬ್ಬರ ನಂಬರಿನಿಂದ ಬಂದಿತ್ತು. ಯಾರದೋ ಮದುವೆ, ಆಹೇರು-ಉಡುಗೊರೆ ಮಾಡಬೇಕಾದೀತು ಎಂದು ತೆಗೆದಿದ್ದರು. ಅದು ಅವರ ಫೋನಿನಿಂದ ನನಗೆ ಬಂದು, ನನ್ನಿಂದ ತಿರುಗಿ ಅವರಿಗೇ ಹೋಗಿತ್ತು. ಎರಡೂ ಮನೆಗಳಲ್ಲಿ ಮದುವೆಯ ಕಾರ್ಡು ಬಂದದ್ದಕ್ಕೆ ಸೂತಕ ಬಿದ್ದ ಹಾಗೆ ಕೂತಿದ್ದೆವು.

ನೀಲಪ್ಪನವರು ಮೊದಲು ನಕ್ಕರು. ಎಷ್ಟು ನಕ್ಕರೆಂದರೆ ಒಳಗಿನಿಂದ ಅವರ ಮನೆಯವರು ನೀರಿನ ತಂಬಿಗೆ ಹಿಡಿದು ಓಡಿ ಬಂದರು.

"ನೀವು ಅದರದು ತರಬೇತಿ ತಗೊಂಡೀರಂತಲ್ರಿ ಅಕ್ಕಾರ?" ಎಂದು ನನ್ನನ್ನು ಕೇಳಿದರು.

"ತಗೊಂಡೇನ್ರಿ," ಎಂದೆ, ನೆಲ ನೋಡುತ್ತ.

"ನನಗ ಭಾಳ ಸಮಾಧಾನ ಆತ್ರಿ. ಮನ್ಯಾಗ ಎಲ್ಲಾರೂ ನನಗ ಹಳ್ಳಿಗಮಾರ ಅನ್ನಾಕತ್ತಿದ್ರು."

ಅವತ್ತೇ ಅಲ್ಲೇ ಬೆಲ್ಲ-ಕೊಬ್ಬರಿ ಹಂಚಿ ಮಾತು ಗಟ್ಟಿ ಮಾಡಿಕೊಂಡೆವು. ಮನೆಗೆ ಬಂದು ಹೇಳಿದಾಗ ಶಿವಾನಿ ನನ್ನ ಹೆಗಲ ಮೇಲೆ ತಲೆಯಿಟ್ಟು ಬಹಳ ಹೊತ್ತು ನಿಂತಿದ್ದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಮದುವೆಯ ತಿಥಿ ನಿಗದಿಯಾಯಿತು, ಕಾರ್ಡು ಅಚ್ಚಾಯಿತು. ಆದರೆ ತಿಥಿಯ ಸುದ್ದಿ ಕಳಿಸೋಣವೆಂದರೆ ಬಂಧುಗಳೆಲ್ಲ ನನ್ನ ನಂಬರನ್ನು ಬ್ಲಾಕ್ ಮಾಡಿದ್ದರು. (ನಾನೇ ಒಬ್ಬೊಬ್ಬರಿಗೆ ಹೇಳಿ ಮಾಡಿಸಿದ್ದು.) ಊರೂರಿಗೆ ಹೋಗಿ ಕರೆಯದೆ ದಾರಿ ಇರಲಿಲ್ಲ. ಕುಂಕುಮದ ಬಟ್ಟಲು, ಕಾರ್ಡಿನ ಚೀಲ ಹಿಡಿದು ಬಸ್ಸು ಹತ್ತಿ ಮೊದಲು ಮನೋಳಿಗೆ ಹೋದೆ.

ಬಾಯವ್ವ ಬಾಗಿಲು ಅರ್ಧ ತೆರೆದು ನಿಂತರು. ಅವರ ಫೋನಿನಿಂದ ಮನೋಳಿಗೆಲ್ಲ ಆ ಕಾರ್ಡು ಹೋಗಿ, ಓಣಿಯವರ ಬಾಯಿಗೆ ಸಿಕ್ಕು ಅವರು ಸೋತುಹೋಗಿದ್ದರು. ನಾನು ಕಾರ್ಡು ಮುಂದೆ ಮಾಡಿದೆ. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು.

"ಏನದು?"

"ಶಿವಾನಿ ಮದುವಿ ಕಾರ್ಡ್ ಅಕ್ಕಾರ. ಮನಿಮಂದಿ ಎಲ್ಲಾ ಬರಬೇಕ್ರಿ."

"ಯಾರು ಕಳಿಸ್ಯಾರ?"

"ಯಾರ್ರಿ ಕಳಸೂದು? ನಾನಽ ತಂದೇನಿ."

"ಹೋದ ಸಲಾನೂ ನಿನ್ನ ಹೆಸರಲೆನಽ ಬಂದಿತ್ತು," ಎಂದರು. "ನೀ ಅಲ್ಲೇ ನಿಂತ ತಗದ ತೋರಸು. ನಾ ಮುಟ್ಟಾಂಗಿಲ್ಲ."

ಬಿಸಿಲಿನಲ್ಲಿ ನಿಂತು ಲಕೋಟೆ ತೆಗೆದೆ. ವರನ ಹೆಸರು, ವಧುವಿನ ಹೆಸರು, ತಿಥಿ, ಅಕ್ಷತೆಯ ವೇಳೆ, ಎಲ್ಲ ಓದಿ ಹೇಳಿದೆ. ಆಚೀಚೆ ಮನೆಯವರು ಕಟ್ಟೆಯ ಮೇಲೆ ಬಂದು ನಿಂತರು. ಬಾಯವ್ವ ಪೂರ್ತಿ ಕೇಳಿ, "ತಡಿ, ಶಂಕ್ರಪ್ಪಗ ಕೇಳಿ ಖಾತ್ರಿ ಮಾಡ್ಕೋತೇನಿ. ಬಂದ ಫೋನ್ ನಂಬಬಾರದು, ನಾವಽ ಹಚ್ಚಿ ಕೇಳಬೇಕು ಅಂತ ನೀನಽ ಹೇಳಿದ್ದಿ," ಎಂದು ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಹಿಡಿದರು.

"ಶಂಕ್ರಪ್ಪಾ, ನಿನ್ನ ಹೇಣ್ತಿ ಅಂತ ಒಬ್ಬಾಕಿ ಬಾಗಲದಾಗ ನಿಂತಾಳ. ಹೌದೇನು ನೋಡು."

ಆ ಕಡೆ ಮೋಟಾರಿನ ಸದ್ದು ನಿಂತಿತು. "ಹೆಂಗದಾಳ?"

"ಹಸರ ಸೀರಿ ಉಟ್ಟಾಳ, ಕೆಂಪ ದಡಿ."

ಕಳೆದ ದೀಪಾವಳಿಗೆ ಅವರೇ ಅಂಗಡಿಯಲ್ಲಿ ನಿಂತು ಆರಿಸಿದ ಸೀರೆ. ಬೆಳಿಗ್ಗೆ ಉಟ್ಟುಕೊಂಡು, ಹೇಗೆ ಕಾಣುತ್ತೇನೆ ಎಂದು ಅವರ ಮುಂದೆಯೇ ಕೇಳಿ, ಚಲೋ ಕಾಣತಿ ಎನ್ನಿಸಿಕೊಂಡು ಬಂದಿದ್ದೆ. ಧೈರ್ಯದಿಂದ ಸೆರಗು ಸರಿಮಾಡಿಕೊಂಡೆ.

ಫೋನಿನಲ್ಲಿ ಪಾನಾ ಕೆಳಗಿಟ್ಟ ಸದ್ದಾಯಿತು. ಆಮೇಲೆ ನಮ್ಮನೆಯವರ ದನಿ ಕೇಳಿಸಿತು:

"ಹಸರ ಸೀರಿ? ನಮ್ಮಾಕಿ ಕಡೆ ಅಂಥಾ ಸೀರಿ ಇಲ್ಲ ನೋಡಬೇ ಯಕ್ಕಾ. ನೀ ಬಾಗಲಾ ಹಾಕ್ಕೋ."